ಅಗಸೆ ಪುಡಿ: ಮನೆಬಳಕೆ ಮತ್ತು ಸಂಗ್ರಹಣೆ

ವಿಜಯಪುರ, ಬಾಗಲಕೋಟೆ, ಗದಗ, ಕಲಬುರ್ಗಿ ಮುಂತಾದ ಜಿಲ್ಲೆಗಳ ಎರೆಭೂಮಿಯಲ್ಲಿ ಅಗಸೆಯು ಹಿಂಗಾರಿ ಹಂಗಾಮಿನ ಹಳೆಯ ಎಣ್ಣೆಕಾಳು. ಜೋಳ, ಕಡಲೆಗಳ ನಡುವೆ ಅಕ್ಕಡಿ ಸಾಲಾಗಿ ಬಿತ್ತುವುದೂ ಉಂಟು. (ಎಲೆಬಳ್ಳಿ ಹಬ್ಬಿಸಲು ಬೆಳೆಸುವ ಅಗಸೆ ಮರ ಬೇರೆ, ಇದು ನೀಲಿ ಹೂವಿನ, ನುಣುಪಾದ ಕಂದು ಕಾಳಿನ ಅಗಸೆ.) ಈ ಭಾಗದ ಊಟದಲ್ಲಿ ರೊಟ್ಟಿಯ ಜೊತೆಗೆ ಅಗಸೆಯ ಹಿಂಡಿ, ಅಂದರೆ ಚಟ್ನಿಪುಡಿ, ಇದ್ದೇ ಇರುತ್ತದೆ.

ಚೆನ್ನಾಗಿ ಒಣಗಿಸಿದ ಅಗಸೆ ಕಾಳು ಒಂದು ವರ್ಷ ಕೆಡದೆ ಇರುತ್ತದೆ. ಅದೇ ಕಾಳನ್ನು ಪುಡಿ ಮಾಡಿದರೆ ಆ ಬಾಳಿಕೆ ಇರುವುದಿಲ್ಲ. ಇದನ್ನು ಗಮನಿಸದೆ ಒಮ್ಮೆಗೇ ನಾಲ್ಕೈದು ಕಿಲೋ ಕುಟ್ಟಿಸಿ ಡಬ್ಬಿ ತುಂಬಿಡುವ ರೂಢಿ ಕೆಲವು ಮನೆಗಳಲ್ಲಿದೆ. ತಿಂಗಳು ಕಳೆಯುವುದರಲ್ಲಿ ಪುಡಿ ಕಹಿಯಾಗುತ್ತದೆ. ಮಕ್ಕಳು ಮುಟ್ಟುವುದಿಲ್ಲ, ಚೆಲ್ಲಲು ಮನಸ್ಸಾಗದೆ ಹಿರಿಯರು ಅದನ್ನೇ ತಿನ್ನುತ್ತಾರೆ.

ಪುಡಿ ಏಕೆ ಕೆಡುತ್ತದೆ?

100 ಗ್ರಾಂ ಕಾಳಿನಲ್ಲಿ ಸುಮಾರು 40 ಗ್ರಾಂ ಎಣ್ಣೆ, 20 ಗ್ರಾಂ ಸಸಾರಜನಕ ಮತ್ತು 25 ಗ್ರಾಂಗೂ ಮಿಕ್ಕಿ ನಾರಿನಂಶ ಇರುತ್ತದೆ. ಎಣ್ಣೆಯ ಅರ್ಧದಷ್ಟು ಅಥವಾ ಅದಕ್ಕಿಂತ ಹೆಚ್ಚು ಭಾಗ ಆಲ್ಫಾ ಲಿನೋಲೆನಿಕ್ ಆಮ್ಲ. ಒಮೇಗಾ-3 ಎಂಬ ಗುಂಪಿಗೆ ಸೇರಿದ ಈ ಕೊಬ್ಬಿನಾಮ್ಲವನ್ನು ಶರೀರ ತಾನಾಗಿ ತಯಾರಿಸಿಕೊಳ್ಳಲಾರದು, ಆಹಾರದಿಂದಲೇ ಬರಬೇಕು. ಆದರೆ ಇದು ಗಾಳಿಯ ಆಮ್ಲಜನಕದೊಡನೆ ಬಹುಬೇಗ ಕೂಡುತ್ತದೆ. ಬಾಗಿಲು ಕಿಟಕಿಗಳ ಬಣ್ಣಕ್ಕೆ, ವಾರ್ನಿಷ್‌ಗೆ ಅಗಸೆ ಎಣ್ಣೆ ಬೆರೆಸುತ್ತಿದ್ದುದು ಈ ಗುಣಕ್ಕಾಗಿಯೇ: ಗಾಳಿ ತಗುಲಿದರೆ ಎಣ್ಣೆ ಗಟ್ಟಿಯಾಗಿ ಒಣಗುತ್ತದೆ. ಬಣ್ಣಕ್ಕೆ ಒಳ್ಳೆಯದಾದ ಈ ಗುಣ ಡಬ್ಬಿಯಲ್ಲಿರುವ ಪುಡಿಗೆ ಕೆಟ್ಟದ್ದು. ಇಡಿಯ ಕಾಳಿನಲ್ಲಿ ಗಟ್ಟಿ ಸಿಪ್ಪೆಯು ಎಣ್ಣೆಯನ್ನು ಕಾಯುತ್ತದೆ. ಹಾಗೆಂದು ಇಡೀ ಕಾಳನ್ನೇ ನುಂಗಿದರೆ ಪ್ರಯೋಜನವಿಲ್ಲ. ಬಹುಪಾಲು ಅರಗದೆ ಹೊರಹೋಗುತ್ತದೆ. ಆದ್ದರಿಂದ ಕಾಳಾಗಿ ಕೂಡಿಡುವುದು, ಬೇಕಾದಷ್ಟನ್ನೇ ಪುಡಿ ಮಾಡುವುದು ಸೂಕ್ತ.

ಎಷ್ಟು ಬೇಕು?

ಆಳಿಗೆ ದಿನಕ್ಕೆ 10 ಗ್ರಾಂ ಎಂದು ಹಿಡಿದರೆ ಐದು ಜನರ ಮನೆಗೆ ಹತ್ತು ದಿನಕ್ಕೆ ಅರ್ಧ ಕಿಲೋ, ವರ್ಷಕ್ಕೆ ಸುಮಾರು 18 ಕಿಲೋ ಆಗುತ್ತದೆ. ರಾಶಿಯಾದ ಕೂಡಲೇ ಎಲ್ಲವನ್ನೂ ಪೇಟೆಗೆ ಕಳಿಸದೆ 20 ಕಿಲೋ ಮನೆಗೆ ತೆಗೆದಿಡಬೇಕು. ಕಾಳನ್ನು ಹಸನು ಮಾಡಿ, ತೇವಾಂಶ ಶೇ. 8ಕ್ಕೆ ಇಳಿಯುವಂತೆ ಬಿಸಿಲಿನಲ್ಲಿ ಒಣಗಿಸಿ, ಆರಿದ ಮೇಲೆ ತುಂಬಬೇಕು. ಅಗಸೆ ಬಹಳ ಜಾರುವ ಕಾಳು. ಚೀಲದಲ್ಲಿ ಸಣ್ಣ ತೂತಿದ್ದರೂ ನೀರಿನಂತೆ ಸೋರಿಹೋಗುತ್ತದೆ. ಮುಚ್ಚಳ ಬಿಗಿಯಾದ ತಗಡಿನ ಡಬ್ಬಿ ಮೇಲು. ಔಷಧಿ ಸವರಿದ ಬಿತ್ತನೆ ಬೀಜವನ್ನು ಯಾವ ಕಾರಣಕ್ಕೂ ಅಡಿಗೆಗೆ ಬಳಸಬಾರದು.

ಹುರಿದು ಪುಡಿ ಮಾಡುವ ವಿಧಾನ

ಹಸಿ ಕಾಳಿನಲ್ಲಿ ಸಯನೈಡ್ ಬಿಡುವ ಅಂಶಗಳು ಅಲ್ಪ ಪ್ರಮಾಣದಲ್ಲಿರುತ್ತವೆ, ಹುರಿದರೆ ಕಡಿಮೆಯಾಗುತ್ತವೆ. ಅಲ್ಲದೆ ಪುಡಿಗೆ ರುಚಿಯೂ ಬರುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಎರಡು ಹಿಡಿಯಷ್ಟೇ ಹಾಕಿ, ಸಣ್ಣ ಉರಿಯಲ್ಲಿ ಕೈಯಾಡಿಸುತ್ತ ಹುರಿಯಬೇಕು. ಕಾಳು ಚಟಪಟ ಸಿಡಿದು ಘಮ ಬಂದೊಡನೆ ತಟ್ಟೆಗೆ ಸುರುವಬೇಕು. ಬಾಣಲೆಯಲ್ಲೇ ಬಿಟ್ಟರೆ ತಳದ ಕಾವಿಗೆ ಸೀದು ಕಹಿಯಾಗುತ್ತದೆ. ಪೂರ್ತಿ ಆರಿದ ಮೇಲೆಯೇ ಕುಟ್ಟಬೇಕು; ಬಿಸಿ ಇರುವಾಗ ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ. ಮಿಕ್ಸರನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು.

ಹಿಂಡಿಗೆ ಅರ್ಧ ಕಿಲೋ ಅಗಸೆಗೆ ಹುರಿದ ಒಣಮೆಣಸಿನಕಾಯಿ, ಜೀರಿಗೆ, ಕರಿಬೇವು, ಹುಣಸೆ, ಉಪ್ಪು ರುಚಿಗೆ ತಕ್ಕಂತೆ ಸೇರಿಸಬಹುದು. ಹಸಿ ಬೆಳ್ಳುಳ್ಳಿಯ ತೇವದಿಂದ ಪುಡಿ ಬೇಗ ಕೆಡುವುದರಿಂದ ಅದನ್ನು ಆಯಾ ಹೊತ್ತಿಗೆ ಬೇಕಾದಷ್ಟೇ ಜಜ್ಜಿ ಬೆರೆಸುವುದು ಉತ್ತಮ. ಖಾರ ಬೇಡವೆಂದರೆ ಬರೀ ಪುಡಿಯನ್ನು ರೊಟ್ಟಿ, ಚಪಾತಿಯ ಹಿಟ್ಟಿಗೆ ಎಂಟು ಪಾಲಿಗೆ ಒಂದು ಪಾಲು ಬೆರೆಸಬಹುದು. ಬದನೆ, ಹೀರೆಯ ಪಲ್ಯಕ್ಕೆ ಇಳಿಸುವ ಮುನ್ನ ಒಂದೆರಡು ಚಮಚ ಹಾಕಿದರೆ ರಸ ಗಟ್ಟಿಯಾಗುತ್ತದೆ. ಬೆಲ್ಲದೊಡನೆ ಉಂಡಿಯನ್ನೂ ಕಟ್ಟುತ್ತಾರೆ. ಅಗಸೆಯ ಲೋಳೆ ನೀರನ್ನು ಹೀರಿಕೊಳ್ಳುವುದರಿಂದ ಇದನ್ನು ತಿಂದ ದಿನ ನೀರು, ಮಜ್ಜಿಗೆ ಹೆಚ್ಚು ಕುಡಿಯಬೇಕು. ಗರ್ಭಿಣಿಯರು ಮತ್ತು ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರು ವೈದ್ಯರನ್ನು ಕೇಳಿ ಬಳಸುವುದು ಒಳ್ಳೆಯದು.

ಪುಡಿಯನ್ನು ಗಾಜಿನ ಶೀಸೆ, ಪಿಂಗಾಣಿ ಭರಣಿ ಅಥವಾ ಸ್ಟೀಲ್ ಡಬ್ಬಿಯಲ್ಲಿ ಒತ್ತಿ ತುಂಬಿ, ಒಲೆಯಿಂದ ದೂರ, ಕತ್ತಲೆಯಲ್ಲಿ ಇಡಬೇಕು. ತಾಮ್ರ, ಹಿತ್ತಾಳೆ ಪಾತ್ರೆ ಬೇಡ; ತಾಮ್ರದ ಅಂಶ ತಗುಲಿದರೆ ಎಣ್ಣೆ ಇನ್ನೂ ಬೇಗ ಕೆಡುತ್ತದೆ. ಒದ್ದೆ ಚಮಚ ಅದ್ದಬಾರದು. ಬೇಸಿಗೆಯಲ್ಲಿ ಎಂಟು ಹತ್ತು ದಿನಕ್ಕಾಗುವಷ್ಟೇ ಪುಡಿ ಸಾಕು. ಫ್ರಿಜ್ ಇದ್ದವರು ತಿಂಗಳಿಗಾಗುವಷ್ಟು ಮಾಡಬಹುದು. ಮುಚ್ಚಳ ತೆಗೆದಾಗ ಹೊಸ ಬಣ್ಣದಂಥ ಕಮಟು ವಾಸನೆ ಬಂದರೆ, ನಾಲಿಗೆಗೆ ಕಹಿ ಹತ್ತಿದರೆ ಆ ಪುಡಿಯನ್ನು ತಿಪ್ಪೆಗುಂಡಿಗೆ ಹಾಕಿ, ಡಬ್ಬಿಯನ್ನು ಬಿಸಿನೀರು, ಸೋಪಿನಿಂದ ತೊಳೆದು ಒಣಗಿಸಿಯೇ ಹೊಸದನ್ನು ತುಂಬಬೇಕು. ಹಳೆಯ ಪುಡಿಯ ಮೇಲೆ ಹೊಸ ಪುಡಿ ಸುರಿದರೆ ಎರಡೂ ಕೆಡುತ್ತವೆ.