ಕೇಳಿದರೆ ಕೇಡಿಲ್ಲ

‘ನಾನಿದ್ದು ಯಾರಿಗೇನು ಪ್ರಯೋಜನ’ ಎಂದು ಮನೆಯ ಹುಡುಗ ತಟ್ಟೆ ಸರಿಸಿದರೆ ನಾವು ಅನ್ನುವುದೇನು? ‘ಹುಚ್ಚುಚ್ಚಾಗಿ ಆಡಬೇಡ, ಉಣ್ಣು.’ ಅಲ್ಲಿಗೆ ಮಾತು ಮುಗಿಯಿತು. ಸಾಯುತ್ತೇನೆಂದು ಹೇಳಿಕೊಳ್ಳುವವರು ಹಾಗೆ ಮಾಡಿಕೊಳ್ಳುವುದಿಲ್ಲ ಎಂಬ ನಂಬಿಕೆ ಬೇರೆ. ಅದು ತಪ್ಪು ಕಣ್ರೀ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1.7 ಲಕ್ಷ ಜನ. ದಾಖಲೆಗಳಲ್ಲಿ ಮುಂದಿರುವ ಕಾರಣಗಳು ಕೌಟುಂಬಿಕ ಸಮಸ್ಯೆ, ಕಾಯಿಲೆ. ಸಾಮಾನ್ಯವಾಗಿ ಹಲವು ನೋವುಗಳು ಕೂಡಿಕೊಂಡಿರುತ್ತವೆ.

‘ಸಾಯಬೇಕು ಅನ್ನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಿ. ಕೇಳಿದ್ದಕ್ಕೇ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಸಲ ಎದೆ ಹಗುರಾಗುತ್ತದೆ. ಹೌದು ಎಂದರೆ ಉಪದೇಶ ಬೇಡ. ಒಬ್ಬರನ್ನೇ ಬಿಡಬೇಡಿ, ಗುಟ್ಟಾಗಿಡುತ್ತೇನೆಂದು ಮಾತು ಕೊಡಬೇಡಿ, ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಭಾರವಾಗಿರುವುದು ನಿಮ್ಮ ಮನಸ್ಸೇ ಆದರೂ ಅದೇ ನಂಬರಿಗೆ ಫೋನ್ ಮಾಡಿ.