ಬೈಟ್ ಮೊದಲು, ಅಕ್ಷರ ಆಮೇಲೆ: ಮೇಲ್ ಬಿಡಿಸುವವರಿಗೆ ಕಿವಿಮಾತು

ಹುಬ್ಬಳ್ಳಿಯ ಗೋಕುಲ ರಸ್ತೆಯ ಸ್ಟಾರ್ಟಪ್‌ಗಳಲ್ಲಿ, ವಿದ್ಯಾನಗರದ ಎರಡು ರೂಮಿನ ಆಫೀಸುಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದವರ ಕೈಗೆ ಒಂದಲ್ಲ ಒಂದು ದಿನ ಈ ಕೆಲಸ ಬರುತ್ತದೆ. ಸಹಕಾರಿ ಸಂಘಕ್ಕೋ ಕಾಲೇಜಿಗೋ ಬಂದ ಮೇಲ್‌ಗಳನ್ನು ಬಿಡಿಸಿ, ಕಳಿಸಿದವರು ಯಾರು, ವಿಷಯ ಏನು, ಜೊತೆಗೆ ಏನು ಲಗತ್ತಿಸಿದ್ದಾರೆ ಎಂಬುದನ್ನೆಲ್ಲ ಡೇಟಾಬೇಸಿಗೆ ಹಾಕುವ ಕೆಲಸ. ಇಂಗ್ಲಿಷ್ ಮೇಲ್ ಕೊಟ್ಟು ನೋಡಿದರೆ ಎಲ್ಲ ಪ್ರೋಗ್ರಾಮೂ ಜಾಣನೇ. ಕನ್ನಡದ ಮೇಲ್ ಬಿತ್ತೆನ್ನಿ, ಅದರ ಬಂಡವಾಳ ಹೊರಗೆ ಬೀಳುತ್ತದೆ. ಹಿರಿಯನೆಂದು ಕೇಳಿದ್ದೀರಿ, ಹೇಳುತ್ತೇನೆ. ಬೇಕಾದ್ದು ತಗೊಳ್ರಿ.

• ಮೇಲನ್ನು ಬಿಡಿಸುವ ಕೋಡ್ ನೀವೇ ಬರೆಯಲು ಹೋಗಬೇಡಿ. ಪೈಥಾನಿನ ಜೊತೆಗೇ ಬರುವ ಇಮೇಲ್ ಮಾಡ್ಯೂಲ್ ಸಾಕು. ಆದರೆ ಪಾಲಿಸಿ ಹೇಳದೆ ಕರೆದರೆ ಅದು ಹಳೆಯ ರೀತಿಯಲ್ಲೇ ನಡೆದು, ಸಬ್ಜೆಕ್ಟನ್ನು ಬಿಡಿಸದೆ ಹಾಗೇ ಕೈಗಿಡುತ್ತದೆ. ‘ಡೀಫಾಲ್ಟ್’ ಎಂಬ ಹೆಸರಿನ ಪಾಲಿಸಿಯನ್ನು ನೀವೇ ಕೊಡಬೇಕು. ಡೀಫಾಲ್ಟ್ ಎನ್ನುವುದೇ ಡೀಫಾಲ್ಟ್ ಅಲ್ಲ, ನೋಡ್ರಪಾ!

• ಮೇಲ್ ಫೈಲನ್ನು ಪಠ್ಯವಾಗಿ ತೆರೆಯಬೇಡಿ, ಬೈಟ್‌ಗಳಾಗಿ ತೆರೆಯಿರಿ. ಒಂದೇ ಮೇಲಿನ ಒಂದು ಭಾಗ ಯುಟಿಎಫ್-8ರಲ್ಲಿ, ಇನ್ನೊಂದು ಭಾಗ ಬೇರೆ ಎನ್‌ಕೋಡಿಂಗ್‌ನಲ್ಲಿ ಇರಬಹುದು. ಇಡೀ ಫೈಲಿಗೆ ಒಂದೇ ಎನ್‌ಕೋಡಿಂಗ್ ಎಂದುಕೊಂಡು ತೆರೆದರೆ ಕೆಲಸ ಕೆಟ್ಟಿತು ಅಂತಲೇ ಲೆಕ್ಕ.

• ಈ ತೊಡಕೆಲ್ಲ ಯಾಕೆ ಎಂದರೆ, ಇಮೇಲಿನ ಮೂಲ ನಿಯಮ 1982ರದು. ಆಗ ಏಳು ಬಿಟ್ಟಿನ ಇಂಗ್ಲಿಷ್ ಅಕ್ಷರ ಬಿಟ್ಟರೆ ಬೇರೆಯದಕ್ಕೆ ಜಾಗವಿರಲಿಲ್ಲ. ನೆಥೇನಿಯಲ್ ಬೋರೆನ್‌ಸ್ಟೀನ್ ಮತ್ತು ನೆಡ್ ಫ್ರೀಡ್ 1992ರಲ್ಲಿ ‘ಮೈಮ್’ ನಿಯಮ ತಂದರು. ಅದೇ ವರ್ಷ ಮಾರ್ಚ್ 11ರಂದು ಬೋರೆನ್‌ಸ್ಟೀನ್ ತಾವೂ ಹಾಡುತ್ತಿದ್ದ ನಾಲ್ವರ ತಂಡದ ಫೋಟೊ ಮತ್ತು ಹಾಡನ್ನು ಲಗತ್ತಿಸಿ ಮೇಲ್ ಕಳಿಸಿದ್ದರು. ಹಳೆಯ ದಾರಿಯನ್ನು ಮುರಿಯದೆ, ಅದರ ಮೇಲೇ ಚಿತ್ರ, ಹಾಡು, ಕನ್ನಡ ಎಲ್ಲವನ್ನೂ ಇಂಗ್ಲಿಷ್ ಅಕ್ಷರದ ವೇಷ ಹಾಕಿಸಿ ಸಾಗಿಸುವುದೇ ಮೈಮ್. ನಿಮ್ಮ ಕೆಲಸ ಆ ವೇಷ ಕಳಚುವುದು.

• ಸಬ್ಜೆಕ್ಟ್ ಸಾಲಿನಲ್ಲಿ ಕನ್ನಡ ಬಂದರೆ ಅದನ್ನು ತುಂಡು ತುಂಡಾಗಿ ಸುತ್ತಿ ಕಳಿಸುತ್ತಾರೆ. ಒಂದು ತುಂಡು 75 ಚಿಹ್ನೆ ಮೀರುವಂತಿಲ್ಲ. ನಮ್ಮೂರ ಹೆಸರನ್ನೇ ತೂಗಿ ನೋಡೋಣ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಅಕ್ಷರ, ಸ್ವರಚಿಹ್ನೆ, ಹಲಂತಕ್ಕೂ 3 ಬೈಟ್. ‘ಹುಬ್ಬಳ್ಳಿ’ಯಲ್ಲಿ ಅಂಥವು 9, ಅಂದರೆ 27 ಬೈಟ್. ‘ಧಾರವಾಡ’ದಲ್ಲಿ 6, ಅಂದರೆ 18. ನಡುವಿನ ಅಡ್ಡಗೆರೆಗೆ 1. ಒಟ್ಟು 46 ಬೈಟ್. ಬೇಸ್64ರಲ್ಲಿ ಇದು 64 ಚಿಹ್ನೆ, ಹಿಂದೆ ಮುಂದಿನ ಸುತ್ತಿಗೆ ಇನ್ನು 12, ಒಟ್ಟು 76. ಒಂದೇ ಒಂದು ಚಿಹ್ನೆ ಹೆಚ್ಚಾಯಿತು! ‘ಹುಬ್ಬಳ್ಳಿ-ಧಾರವಾಡ’ ಎಂದು ಬರೆದ ಸಬ್ಜೆಕ್ಟ್ ಒಡೆಯಲೇಬೇಕು. ಪಕ್ಕಪಕ್ಕದ ತುಂಡುಗಳ ನಡುವಿನ ಖಾಲಿ ಜಾಗ ಬರೀ ಸುತ್ತಿನದು, ಅದನ್ನು ಬಿಸಾಕಿ. ಇಲ್ಲವಾದರೆ ಊರಿನ ಹೆಸರಿನ ನಡುವೆ ಕಿಂಡಿ ಬೀಳುತ್ತದೆ.

• ತುಂಡುಗಳನ್ನು ಒಂದೊಂದಾಗಿ ಅಕ್ಷರಕ್ಕೆ ತಿರುಗಿಸಬೇಡಿ. ಅಕ್ಷರದ ನಡುವೆ ಕತ್ತರಿಸಬಾರದು ಎಂದು ನಿಯಮವಿದೆ. ಆದರೆ ಕಳಿಸುವ ಸಾಫ್ಟ್‌ವೇರ್‌ಗಳು ಮೂರು ಬೈಟಿನ ಅಕ್ಷರವನ್ನು ಒಂದು ಕಡೆ ಎರಡು, ಇನ್ನೊಂದು ಕಡೆ ಒಂದು ಮಾಡಿ ಬಿಡುವುದುಂಟು. ಎನ್‌ಕೋಡಿಂಗ್ ಒಂದೇ ಆಗಿದ್ದರೆ ಎಲ್ಲ ತುಂಡುಗಳ ಬೈಟ್ ಜೋಡಿಸಿಕೊಂಡು, ಕೊನೆಗೆ ಒಮ್ಮೆ ತಿರುಗಿಸಿ.

• ಕಣ್ಣನ್ನೂ ಪಳಗಿಸಿಕೊಳ್ಳಿ. ಕನ್ನಡದ ಬೇಸ್64 ಪಠ್ಯ ಶುರುವಾಗುವುದು ‘4ಎಲ್‌ಕೆ’ ಅಥವಾ ‘4ಎಲ್‌ಒ’ ಎಂದು. ಮೊದಲ ಸ್ಪೇಸ್ ಬರುವವರೆಗೆ ನಾಲ್ಕು ನಾಲ್ಕು ಚಿಹ್ನೆಗೊಮ್ಮೆ ಅದೇ ತಲೆ ಕಾಣುತ್ತದೆ. ಡಿಕೋಡರ್ ತೆರೆಯುವ ಮೊದಲೇ ‘ಇದು ಕನ್ನಡ’ ಎನ್ನಬಹುದು.

• ಕೆಟ್ಟ ಕನ್ನಡದಲ್ಲಿ ಎರಡು ಜಾತಿ. ಇವೆರಡನ್ನೂ ಗುರುತಿಸಲು ಬಾರದವರು ಇಡೀ ದಿನ ತಲೆ ಚಚ್ಚಿಕೊಳ್ಳುತ್ತಾರೆ. ತಲೆಯ ಮೇಲೆ ಗೀರಿರುವ ಸಣ್ಣ ‘ಎ’, ಅದರ ಪಕ್ಕ ಮೇಲೇರಿದ ಪುಟ್ಟ 2 ಅಥವಾ 3 ಮತ್ತೆ ಮತ್ತೆ ಕಂಡರೆ, ಅದು ಯುಟಿಎಫ್-8 ಕನ್ನಡವನ್ನು ಲ್ಯಾಟಿನ್ ಎಂದು ಓದಿದ್ದು. ಬೈಟ್ ಸರಿ ಇವೆ, ಓದಿದ್ದು ತಪ್ಪು. ಮೂಲ ಬೈಟ್‌ಗಳನ್ನು ಯುಟಿಎಫ್-8 ಎಂದು ಓದಿದರೆ ಮುಗಿಯಿತು. ಅದರ ಬದಲು ಇಂಗ್ಲಿಷಿನ ದೊಡ್ಡ ‘ಪಿ’, ಗೀರಿರುವ ದೊಡ್ಡ ‘ಎ’, ಪೌಂಡ್ ಚಿಹ್ನೆ ಹೀಗೆ ಕಂಡರೆ, ಅದು ನುಡಿ ಫಾಂಟಿನಲ್ಲಿ ಬರೆದ ಹಳೆಯ ಪಠ್ಯ. ‘ಕನ್ನಡ’ ಎಂಬ ಪದ ಅಲ್ಲಿ ಶುರುವಾಗುವುದೇ ಹಾಗೆ. ಅಲ್ಲಿ ನಿಮ್ಮ ಡಿಕೋಡರ್ ಸರಿಯಾಗಿಯೇ ಓದಿದೆ, ಬರೆದದ್ದೇ ಯುನಿಕೋಡ್ ಅಲ್ಲ. ಯಾವ ಎನ್‌ಕೋಡಿಂಗ್ ಹೆಸರು ಕೊಟ್ಟರೂ ಉಪಯೋಗವಿಲ್ಲ. ನುಡಿಯಿಂದ ಯುನಿಕೋಡಿಗೆ ತರುವ ಪರಿವರ್ತಕ ಬೇಕು. ನಮ್ಮ ಕಚೇರಿಗಳ ಹಳೆಯ ಕಡತ ಇಂಥದರಿಂದಲೇ ತುಂಬಿದೆ. ಕಣ್ಣು ಮುಚ್ಚಿಕೊಂಡರೆ ಅದು ಮಾಯವಾಗುವುದಿಲ್ಲ.

• ಹೆಡರ್ ಹೇಳಿದ ಎನ್‌ಕೋಡಿಂಗ್ ನಂಬಿ, ಆದರೆ ಪರೀಕ್ಷಿಸಿ ನಂಬಿ. ‘ಯುಎಸ್ ಆಸ್ಕಿ’ ಎಂದು ಬರೆದು ಒಳಗೆ ಕನ್ನಡ ತುಂಬಿರುತ್ತಾರೆ. ಬೈಟ್‌ಗಳು ಯುಟಿಎಫ್-8ರ ನಿಯಮಕ್ಕೆ ತಪ್ಪದೆ ಹೊಂದಿದರೆ ಅದು ಯುಟಿಎಫ್-8 ಎಂದೇ ತಿಳಿಯಿರಿ. ಉದ್ದದ ಪಠ್ಯದಲ್ಲಿ ಅದು ಆಕಸ್ಮಿಕವಾಗಿ ಹೊಂದುವುದು ಬಹಳ ಅಪರೂಪ.

• ಒಂದೇ ಮಾತನ್ನು ಸಾದಾ ಪಠ್ಯದಲ್ಲೂ ಎಚ್‌ಟಿಎಂಎಲ್‌ನಲ್ಲೂ ಇಟ್ಟ ಮೇಲಿನಲ್ಲಿ, ಕೊನೆಯಲ್ಲಿರುವುದೇ ಕಳಿಸಿದವರ ಮೊದಲ ಆಯ್ಕೆ. ಸಾದಾ ಪಠ್ಯ ಸಾಕೆಂದು ಬಹಳ ಮಂದಿ ಅದನ್ನೇ ತೆಗೆದುಕೊಳ್ಳುತ್ತಾರೆ, ತಪ್ಪಲ್ಲ. ಆದರೆ ನುಡಿ ಮೇಲ್ ಆದರೆ ಫಾಂಟಿನ ಹೆಸರು ಉಳಿದಿರುವುದು ಎಚ್‌ಟಿಎಂಎಲ್‌ನಲ್ಲಿ ಮಾತ್ರ. ಎರಡನ್ನೂ ಇಟ್ಟುಕೊಳ್ಳಿ.

• ಫಾರ್ವರ್ಡ್ ಮಾಡಿದ ಮೇಲ್ ಇಡಿಯಾಗಿ ಇನ್ನೊಂದು ಮೇಲಿನ ಹೊಟ್ಟೆಯಲ್ಲಿ ಬರಬಹುದು, ಅದರೊಳಗೆ ಮತ್ತೊಂದು. ಎಷ್ಟು ಆಳಕ್ಕೆ ಇಳಿಯಬೇಕು ಎಂಬುದಕ್ಕೆ ಮಿತಿ ಹಾಕಿ. ಕಿಡಿಗೇಡಿಗಳು ಬೇಕೆಂದೇ ಪಾತಾಳ ತೋಡಿ ಕಳಿಸುತ್ತಾರೆ.

• ವಿಳಾಸದ ಸಾಲನ್ನು ಅಲ್ಪವಿರಾಮದಲ್ಲಿ ಕತ್ತರಿಸಬೇಡಿ. ‘ಪಾಟೀಲ, ಬಿ.ಎಸ್.’ ಎಂದು ಉದ್ಧರಣ ಚಿಹ್ನೆಯೊಳಗೆ ಅಡ್ಡಹೆಸರು ಮುಂದಿಟ್ಟು ಬರೆಯುವವರು ನಮ್ಮ ಕಡೆ ಕಡಿಮೆಯೇನಲ್ಲ. ಕತ್ತರಿಸಿದರೆ ಪಾಟೀಲರು ಒಬ್ಬರು, ಬಿ.ಎಸ್. ಇನ್ನೊಬ್ಬರು!

• ಮೇಲ್ ಯಾವ ದಾರಿಯಲ್ಲಿ ಬಂತು ಎಂದು ತಿಳಿಯಲು ‘ರಿಸೀವ್ಡ್’ ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಿ. ‘ಡೇಟ್’ ಕಳಿಸಿದ ಯಂತ್ರ ಬರೆದದ್ದು, ಅದರ ಗಡಿಯಾರ ತಪ್ಪಿದ್ದರೆ ಅದೂ ತಪ್ಪು.

• ಲಗತ್ತಿನ ಫೈಲನ್ನು ಕಳಿಸಿದವರು ಇಟ್ಟ ಹೆಸರಿನಲ್ಲೇ ಡಿಸ್ಕಿಗೆ ಬರೆಯಬೇಡಿ. ಹೆಸರಿನೊಳಗೆ ಬೇರೆ ಫೋಲ್ಡರಿನ ದಾರಿ ಅಡಗಿಸಿ ಕಳಿಸುವವರಿದ್ದಾರೆ. ಅದಲ್ಲದೆ ಲಿನಕ್ಸ್‌ನಲ್ಲಿ ಫೈಲ್ ಹೆಸರಿಗೆ ಸಾಮಾನ್ಯವಾಗಿ 255 ಬೈಟಿನ ಮಿತಿ. ಕನ್ನಡಕ್ಕೆ ಅದು 85 ಚಿಹ್ನೆ ಅಷ್ಟೇ. ‘2ನೇ ವಾರ್ಡಿನ ಕುಡಿಯುವ ನೀರಿನ ಬಗ್ಗೆ’ ಎಂದು ಇಡೀ ಅರ್ಜಿಯನ್ನೇ ಹೆಸರಾಗಿಸುವವರು ಬೇಗ ಮಿತಿ ದಾಟುತ್ತಾರೆ. ನಿಮ್ಮದೇ ನಂಬರಿನಲ್ಲಿ ಉಳಿಸಿ, ಮೂಲ ಹೆಸರನ್ನು ಡೇಟಾಬೇಸಿನಲ್ಲಿಡಿ.

• ಹುಡುಕುವುದು, ಫಿಲ್ಟರ್ ಹಾಕುವುದು ಎಲ್ಲ ಬಿಡಿಸಿದ ಮೇಲೆ. ‘ಒ’ಕಾರವನ್ನು ಒಂದೇ ಚಿಹ್ನೆಯಾಗಿಯೂ ‘ಎ’ಕಾರ, ‘ಊ’ಕಾರಗಳ ಜೋಡಿಯಾಗಿಯೂ ಬರೆಯಬಹುದು, ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಹೋಲಿಸುವ ಮುನ್ನ ಎನ್‌ಎಫ್‌ಸಿ ರೂಪಕ್ಕೆ ತನ್ನಿ. ಕಣ್ಣಿಗೆ ಕಾಣದ ಅಕ್ಷರಗಳನ್ನೆಲ್ಲ ಅಳಿಸುವ ಚಟ ಮಾತ್ರ ಬೇಡ. ‘ಸಾಫ್ಟ್‌ವೇರ್’ ಪದದ ಒತ್ತಕ್ಷರವನ್ನು ತಡೆದು ನಿಲ್ಲಿಸಿರುವುದೂ ಅಂಥ ಕಾಣದ ಚಿಹ್ನೆಯೇ. ಇನ್ನು ನಮ್ಮ ಊರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾಯಿತು. ಜನ ಹಳೆಯದನ್ನೂ ಬಿಟ್ಟಿಲ್ಲ. ಕನ್ನಡದ್ದು ಸೇರಿಸಿ ಮೂರೂ ಹುಡುಕಿ.

• ಬಂದ ಮೇಲನ್ನು ಬಂದಂತೆಯೇ, ಒಂದು ಬೈಟೂ ಮುಟ್ಟದೆ, ಒಂದು ಕಡೆ ಎತ್ತಿಡಿ. ಇವತ್ತು ಬಿಡಿಸಲಾಗದ್ದು ಮುಂದಿನ ವರ್ಷ ಬಿಡಿಸಲು ಬಂದೀತು. ಪ್ರಶ್ನಾರ್ಥಕ ಚಿಹ್ನೆ ತುಂಬಿಸಿ ಉಳಿಸಿದರೆ ಆ ಅಕ್ಷರ ಮತ್ತೆ ಸಿಗುವುದಿಲ್ಲ.

• ಪರೀಕ್ಷೆಯ ಮೇಲ್‌ಗಳನ್ನು ನೀವೇ ಕೂಡಿಹಾಕಿ: ಒಡೆದ ಕನ್ನಡ ಸಬ್ಜೆಕ್ಟಿನದು ಒಂದು, ನುಡಿಯದು ಒಂದು, ಕನ್ನಡ ಹೆಸರಿನ ಪಿಡಿಎಫ್ ಇರುವುದು ಒಂದು, ಅರ್ಧಕ್ಕೆ ನಿಂತುಹೋದದ್ದು ಒಂದು. ಈ ನಾಲ್ಕನ್ನು ದಾಟದ ಪ್ರೋಗ್ರಾಮನ್ನು ಗಿರಾಕಿಗೆ ಕೊಡಬೇಡಿ. ಅವರಿಗೆ ಬರುವುದು ಇಂಥ ಮೇಲ್‌ಗಳೇ.