‘ಬಬ್’ ಎಂದರೆ ಬಸ್ಸು: ಅದೂ ಮಾತೇ

ಈ ಸಲದ ಪತ್ರಗಳಲ್ಲಿ ಮಾತು ತಡವಾದ ಮಕ್ಕಳ ತಾಯಂದಿರು, ಅಜ್ಜಿಯರು ಬರೆದವೇ ಹೆಚ್ಚು. ಹಾಗಾಗಿ ಇಡೀ ಅಂಕಣವನ್ನು ಅವರಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗನಿಗೆ ಎರಡು ವರ್ಷ ಎಂಟು ತಿಂಗಳು. ‘ಅಮ್ಮ’, ‘ಅಜ್ಜಿ’ ಸೇರಿ ಎಂಟು-ಹತ್ತು ಪದ ಆಡುತ್ತಾನೆ, ಅಷ್ಟೇ. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತದೆ. ಮೊನ್ನೆ ಕಾಲೊನಿಗೆ ದಾಂಡೇಲಿ ಬಸ್ಸು ಬಂದಾಗ ತಾನಾಗಿಯೇ ಬೆರಳು ತೋರಿಸಿ ‘ಬಬ್’ ಎಂದ. ನನಗೆ ಖುಷಿಗೆ ಕಣ್ಣೀರೇ ಬಂತು. ಮನೆಯವರು ಮಾತ್ರ, ‘ಪಕ್ಕದ ಕ್ವಾರ್ಟರ್ಸಿನ ಮಗು ಇದೇ ವಯಸ್ಸಿಗೆ ಪದ್ಯ ಹೇಳುತ್ತದೆ, ಇದರಲ್ಲಿ ಖುಷಿಪಡುವುದೇನಿದೆ’ ಎಂದರು. ಇಷ್ಟಕ್ಕೆಲ್ಲ ಸಂಭ್ರಮಪಟ್ಟರೆ ಸಮಸ್ಯೆ ಮುಚ್ಚಿಟ್ಟಂತೆ ಆಗುತ್ತದೆಯೇ? ಮೂರನೇ ಹುಟ್ಟುಹಬ್ಬಕ್ಕೆ ನೆಂಟರೆಲ್ಲ ಬರುತ್ತಾರೆ. ಆಗ ಏನು ಮಾಡಲಿ?
– ಒಬ್ಬ ತಾಯಿ, ಅಂಬಿಕಾನಗರ

ಉತ್ತರ: ನೀವು ಖುಷಿಪಟ್ಟದ್ದು ಸರಿ. ನಿಮ್ಮ ಮಗ ಆ ಕ್ಷಣದಲ್ಲಿ ಮೂರು ಕೆಲಸ ಮಾಡಿದ್ದಾನೆ. ಬಸ್ಸನ್ನು ಗುರುತಿಸಿದ. ಅದನ್ನು ನಿಮಗೆ ತೋರಿಸಬೇಕೆಂದು ಬೆರಳು ಚಾಚಿದ. ಅದಕ್ಕೊಂದು ಹೆಸರಿಟ್ಟ. ಬೇಕಾದ ವಸ್ತುವಿಗಾಗಿ ಬೆರಳು ತೋರಿಸುವುದು ಒಂದು ಹಂತ. ‘ನೋಡಮ್ಮ’ ಎಂದು ತನ್ನ ಬೆರಗನ್ನು ಹಂಚಿಕೊಳ್ಳಲು ತೋರಿಸುವುದು ಅದಕ್ಕಿಂತ ದೊಡ್ಡ ಹಂತ, ಮಾತಿಗೆ ಅದೇ ಅಡಿಪಾಯ. ಉಚ್ಚಾರ ಅಪೂರ್ಣವಾಗಿದ್ದರೂ ಪ್ರತಿ ಸಲ ಬಸ್ಸಿಗೆ ‘ಬಬ್’ ಎಂದೇ ಹೇಳಿದರೆ ನಾವು ವೈದ್ಯರು ಅದನ್ನು ಒಂದು ಪದವೆಂದೇ ಲೆಕ್ಕ ಹಾಕುತ್ತೇವೆ. ಹಸುವಿಗೆ ‘ಅಂಬಾ’, ನಾಯಿಗೆ ‘ಬೌ’ ಅಂದರೂ ಅವು ಪದಗಳೇ.

ಆದರೆ ಇನ್ನೊಂದು ಮಾತನ್ನೂ ನೇರವಾಗಿ ಹೇಳಬೇಕು. ಎರಡು ವರ್ಷ ತುಂಬುವಾಗ ಮಗು ಸಾಮಾನ್ಯವಾಗಿ 50ರಷ್ಟು ಪದ ಆಡುತ್ತದೆ. ‘ಅಪ್ಪ ಬಂದ’, ‘ಹಾಲು ಬೇಕು’ ಎಂದು ಎರಡು ಪದ ಜೋಡಿಸುತ್ತದೆ. ಆ ಲೆಕ್ಕದಲ್ಲಿ ನಿಮ್ಮ ಮಗನ ಮಾತು ತಡವಾಗಿದೆ, ಇನ್ನು ಕಾಯುವುದು ಬೇಡ. ಮೊದಲು ಆಗಬೇಕಾದದ್ದು ಶ್ರವಣ ಪರೀಕ್ಷೆ. ‘ಅವನಿಗೆ ಎಲ್ಲ ಕೇಳಿಸುತ್ತದೆ, ಕರೆದರೆ ತಿರುಗುತ್ತಾನೆ’ ಎನ್ನುವ ಮನೆಯಲ್ಲೂ ಮಗುವಿಗೆ ಭಾಗಶಃ ಕಿವುಡು ಇರಬಹುದು. ಪದೇ ಪದೇ ನೆಗಡಿಯಾಗಿ ಕಿವಿಯ ತಮಟೆಯ ಹಿಂದೆ ದ್ರವ ನಿಂತರೂ ಮಾತು ಮಸುಕಾಗಿ ಕೇಳಿಸುತ್ತದೆ. ‘ಹೇಳಿದ್ದೆಲ್ಲ ತಿಳಿಯುತ್ತದೆ’ ಎಂದಿದ್ದೀರಿ. ಒಮ್ಮೆ ಕೈಸನ್ನೆ ಮಾಡದೆ, ಆ ಕಡೆ ನೋಡದೆ ‘ಚಪ್ಪಲಿ ತಾ’ ಎಂದು ಹೇಳಿ ನೋಡಿ. ಮಕ್ಕಳು ಅನೇಕ ಸಲ ನಮ್ಮ ಕಣ್ಣು, ಕೈ ನೋಡಿಯೇ ಅರ್ಥ ಮಾಡಿಕೊಳ್ಳುತ್ತಾರೆ. ಕಿವಿ ಕೇಳಿಸುವುದನ್ನು ಅಳೆಯುವ ‘ಬೇರಾ’ (BERA) ಪರೀಕ್ಷೆಯನ್ನು ಮಗು ನಿದ್ದೆಯಲ್ಲಿರುವಾಗಲೇ ಮಾಡುತ್ತಾರೆ, ನೋವಿಲ್ಲ.

ತಪಾಸಣೆ ಮಾಡಿಸುವವರು ಸಂಭ್ರಮ ಬಿಡಬೇಕಿಲ್ಲ. ಆಡಿದ ಮಾತಿಗೆ ಎದುರಿನವರ ಮುಖ ಅರಳಿದರೆ ಮಗು ಇನ್ನೊಮ್ಮೆ ಆಡುತ್ತದೆ. ಅದಕ್ಕೆ ಅವನು ‘ಬಬ್’ ಎಂದ ಕೂಡಲೇ ‘ಹೌದು, ಬಸ್ಸು! ದೊಡ್ಡ ಬಸ್ಸು ಬಂತು’ ಎಂದು ಅವನ ಮಾತಿಗೆ ಒಂದೆರಡು ಪದ ಸೇರಿಸಿ ಉತ್ತರಿಸಿ. ‘ಬಬ್ ಅಲ್ಲ, ಬಸ್ಸು ಅನ್ನು’ ಎಂದು ತಿದ್ದಬೇಡಿ. ‘ಎಲ್ಲಿ, ಅಪ್ಪನ ಮುಂದೆ ಇನ್ನೊಮ್ಮೆ ಹೇಳು’ ಎಂದು ಪರೀಕ್ಷೆ ಒಡ್ಡಬೇಡಿ. ನೀವು ಏನಾದರೂ ಕೇಳಿದ ಮೇಲೆ ಮನಸ್ಸಿನಲ್ಲೇ ಐದರಿಂದ ಹತ್ತರವರೆಗೆ ಎಣಿಸುವಷ್ಟು ಹೊತ್ತು ಸುಮ್ಮನಿರಿ. ಮಾತು ತಡವಾದ ಮಗುವಿಗೆ ಉತ್ತರ ಹೊಂದಿಸಿಕೊಳ್ಳಲು ಆ ಬಿಡುವು ಬೇಕು.

ಒಂದು ನೋಟ್‌ಬುಕ್ ಇಡಿ. ಹೊಸ ಪದ, ಹೊಸ ಸನ್ನೆ, ಅದು ಬಂದ ದಿನಾಂಕ, ಯಾವ ಸಂದರ್ಭದಲ್ಲಿ ಬಂತು ಎಂಬುದನ್ನು ಬರೆಯಿರಿ. ತಲೆಯಾಡಿಸಿ ‘ಬೇಡ’ ಎಂದದ್ದು, ಕೈಬೀಸಿ ಟಾಟಾ ಮಾಡಿದ್ದು, ಬಟ್ಟಲು ತಂದು ಅನ್ನ ಕೇಳಿದ್ದು ಎಲ್ಲವೂ ಅದರಲ್ಲಿರಲಿ. ಪಕ್ಕದ ಮನೆಯ ಮಗುವಿನ ಪದ್ಯಕ್ಕೆ ಹೋಲಿಸುವುದು ಬಿಟ್ಟು, ನಿಮ್ಮ ಮಗನ ಈ ತಿಂಗಳನ್ನು ಅವನದೇ ಹೋದ ತಿಂಗಳಿಗೆ ಹೋಲಿಸಿ. ಆ ನೋಟ್‌ಬುಕ್ ವಾಕ್ ಚಿಕಿತ್ಸಕರಿಗೂ ಬಹಳ ಉಪಯೋಗಕ್ಕೆ ಬರುತ್ತದೆ.

ಹುಟ್ಟುಹಬ್ಬ ಖಂಡಿತ ಮಾಡಿ. ಆದರೆ ಅದು ಅವನ ಹಬ್ಬವಾಗಲಿ. ಗುರುತಿನ ಜನ, ಕಡಿಮೆ ಗದ್ದಲ ಇರಲಿ. ‘ನಿನ್ನ ಹೆಸರೇನು? ಒಂದು ಹಾಡು ಹೇಳು’ ಎಂದು ಕೇಳಬೇಡಿ ಎಂದು ನೆಂಟರಿಗೆ ಮೊದಲೇ ಫೋನಿನಲ್ಲಿ ಹೇಳಿಬಿಡಿ. ‘ಲಾಡು ಬೇಕಾ, ಚಕ್ಕುಲಿ ಬೇಕಾ?’ ಎಂದು ಎರಡನ್ನೂ ಎದುರಿಗೆ ಹಿಡಿದು ಕೇಳಲಿ. ಅವನು ಬೆರಳು ತೋರಿಸಿದರೂ ಅದೇ ಉತ್ತರ. ಎಲ್ಲರಿಗೂ ಲಾಡು ಹಂಚುವ ಕೆಲಸ ಅವನಿಗೇ ಕೊಡಿ. ‘ತಗೊ’, ‘ಇನ್ನೊಂದು’ ಎಂಬ ಪದಗಳು ಹತ್ತಾರು ಸಲ ಕಿವಿಗೆ ಬೀಳುತ್ತವೆ. ಯಾರಾದರೂ ‘ಇನ್ನೂ ಮಾತು ಬಂದಿಲ್ಲವಾ?’ ಎಂದು ಅವನೆದುರೇ ಕೇಳಿದರೆ, ‘ಕಲಿಯುತ್ತಿದ್ದಾನೆ, ತೋರಿಸಿದ್ದೇವೆ’ ಎನ್ನಿ, ಸಾಕು. ಮಾತು ಬಾರದ ಮಗುವಿಗೂ ನಮ್ಮ ದನಿಯ ನಿರಾಸೆ ತಿಳಿಯುತ್ತದೆ.

ಪ್ರಶ್ನೆ: ಮೊಮ್ಮಗಳಿಗೆ ಎರಡೂಕಾಲು ವರ್ಷ, ಮಾತಿಲ್ಲ. ಅವಳಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು. ನಾಲಿಗೆಗೆ ಬಜೆ ತಿಕ್ಕಿದರೆ, ಇಲ್ಲವೇ ನಾಲಿಗೆಯ ಕೆಳಗಿನ ನರ ಬಿಡಿಸಿದರೆ ಮಾತು ಬರುತ್ತದೆ ಎನ್ನುತ್ತಾರೆ. ಹೌದೇ?
– ಅಜ್ಜಿ, ಹಳಿಯಾಳ

ಉತ್ತರ: ಅಜ್ಜಿ, ತಡವಾಗಿ ಮಾತಾಡುವುದು ಕೆಲವು ಮನೆತನಗಳಲ್ಲಿ ಇರುವುದು ನಿಜ. ಅಂಥ ಎಷ್ಟೋ ಮಕ್ಕಳು ಮುಂದೆ ಸರಿಸಮ ಬರುತ್ತಾರೆ. ಆದರೆ ಯಾವ ಮಗು ತಾನಾಗಿ ಸರಿಹೋಗುತ್ತದೆ, ಯಾವುದಕ್ಕೆ ನೆರವು ಬೇಕು ಎಂಬುದು ಪರೀಕ್ಷೆ ಮಾಡದೆ ತಿಳಿಯದು. ಮಗ ಮೂರಕ್ಕೆ ಮಾತಾಡಿದ ಎಂದು ಮೊಮ್ಮಗಳ ಪರೀಕ್ಷೆ ಮುಂದೂಡಬೇಡಿ. ಬಜೆಯಿಂದ ಮಾತು ಬರುವುದಿಲ್ಲ, ಹೆಚ್ಚಾದರೆ ವಾಂತಿಯಾಗಬಹುದು. ಒಂದು ವರ್ಷದೊಳಗಿನ ಕೂಸಿಗಂತೂ ಬಜೆಯೊಂದಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ನಾಲಿಗೆ ಅಂಟಿಕೊಂಡಿದ್ದರೆ ಕೆಲವು ಅಕ್ಷರಗಳ ಉಚ್ಚಾರ ತೊದಲಬಹುದೇ ಹೊರತು, ಮಾತೇ ಬಾರದಿರಲು ಅದು ಕಾರಣವಲ್ಲ.

ನಿಮ್ಮಿಂದ ಆಗುವ ದೊಡ್ಡ ಉಪಕಾರವೆಂದರೆ ಎದುರಿಗೆ ಕೂತು ಆಡುವುದು. ‘ಆನೆ ಬಂತೊಂದಾನೆ’ ಥರದ ಶಿಶುಪದ್ಯ ಹಾಡುತ್ತ ಕೊನೆಯ ಪದವನ್ನು ಬಿಟ್ಟು, ಅವಳ ಮುಖ ನೋಡಿ ಕಾಯಿರಿ. ಅವಳು ‘ಆ’ ಎಂದರೂ ಚಪ್ಪಾಳೆ ತಟ್ಟಿ.

ಪ್ರಶ್ನೆ: ನಮ್ಮ ಮನೆಯಲ್ಲಿ ಕೊಂಕಣಿ, ಅಂಗನವಾಡಿಯಲ್ಲಿ ಕನ್ನಡ, ಅಕ್ಕಪಕ್ಕದಲ್ಲಿ ಮರಾಠಿ. ಮೂರು ಭಾಷೆಯ ಗೊಂದಲದಿಂದಲೇ ಮಗಳ ಮಾತು ತಡವಾಗಿದೆ, ಒಂದೇ ಭಾಷೆ ಆಡಿ ಎನ್ನುತ್ತಾರೆ.
– ಹೆಸರು ಬೇಡ, ಜೋಯಿಡಾ

ಉತ್ತರ: ಹೆಚ್ಚು ಭಾಷೆ ಕಿವಿಗೆ ಬಿದ್ದರೆ ಮಾತು ತಡವಾಗುವುದಿಲ್ಲ. ಹಾಗಿದ್ದಿದ್ದರೆ ನಮ್ಮ ಕಾಳಿ ಕಣಿವೆಯ ಅರ್ಧ ಮಕ್ಕಳಿಗೆ ಮಾತು ಬರುತ್ತಿರಲಿಲ್ಲ. ನಿಮ್ಮ ಮನಸ್ಸಿಗೆ ಹತ್ತಿರವಾದ ಭಾಷೆಯಲ್ಲೇ ಮಗಳೊಂದಿಗೆ ಮಾತಾಡಿ. ಲಾಲಿ, ಗದರಿಕೆ, ಕತೆ ಎಲ್ಲ ಸಹಜವಾಗಿ ಬರುವುದು ಅದರಲ್ಲೇ. ಪದಗಳನ್ನು ಎಣಿಸುವಾಗ ಎಲ್ಲ ಭಾಷೆಯವನ್ನೂ ಸೇರಿಸಿ: ಕೊಂಕಣಿಯ ‘ಉದಕ’ವೂ ಒಂದು ಪದ, ಕನ್ನಡದ ‘ಹಾಲು’ ಇನ್ನೊಂದು. ಮೂರೂ ಭಾಷೆ ಸೇರಿಸಿ ಎಣಿಸಿದರೂ ಪದ ಕಡಿಮೆಯಿದ್ದರೆ ಭಾಷೆಗಳನ್ನು ದೂರದೆ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಮಾತು ತಡವಾದ ಮಗುವಿನ ತಪಾಸಣೆಗೆ ಎಲ್ಲಿಗೆ ಹೋಗಬೇಕು? ಅಲ್ಲಿಯವರೆಗೆ ಮೊಬೈಲಿನಲ್ಲಿ ಪದ್ಯ ತೋರಿಸಬಹುದೇ?
– ತಂದೆ, ಮುಂಡಗೋಡ

ಉತ್ತರ: ಮೊದಲು ಅಂಗನವಾಡಿ ಅಥವಾ ಆಶಾ ಕಾರ್ಯಕರ್ತೆಗೆ ತಿಳಿಸಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆರಡು ಸಲ ಅಂಗನವಾಡಿಗೆ ಬಂದು ಮಕ್ಕಳನ್ನು ತಪಾಸಿಸಬೇಕು. ಬೆಳವಣಿಗೆಯ ವಿಳಂಬವೂ ಅದರ ಪಟ್ಟಿಯಲ್ಲಿದೆ. ತಂಡ ಬರುವ ತನಕ ಕಾಯದೆ ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಂಡು ಚೀಟಿ ಬರೆಸಿಕೊಳ್ಳಿ. ನಮ್ಮ ಭಾಗದವರಿಗೆ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್), ಧಾರವಾಡದ ಜೆಎಸ್‌ಎಸ್ ವಾಕ್ ಮತ್ತು ಶ್ರವಣ ಸಂಸ್ಥೆ ಹತ್ತಿರ. 1965ರಲ್ಲಿ ಸ್ಥಾಪನೆಯಾದ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಾಯಂದಿರಿಗೂ ತರಬೇತಿ ಕೊಡುತ್ತಾರೆ. ದೂರದ ಊರಿನವರಿಗೆ ವಿಡಿಯೊ ಮೂಲಕ ಚಿಕಿತ್ಸೆ ಕೊಡುವ ವ್ಯವಸ್ಥೆಯೂ ಅಲ್ಲಿದೆ.

ಎರಡು ವರ್ಷದೊಳಗೆ ಮೊಬೈಲ್, ಟಿವಿ ಬೇಡವೇ ಬೇಡ. ಎರಡರಿಂದ ಐದು ವರ್ಷದವರೆಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮೊಬೈಲು ಎಷ್ಟು ಹಾಡಿದರೂ ಮಗುವಿನ ‘ಬಬ್’ಗೆ ತಿರುಗಿ ಉತ್ತರ ಕೊಡುವುದಿಲ್ಲ.

ಎಲ್ಲ ಓದುಗರಿಗೂ ಒಂದು ಸೂಚನೆ: ವರ್ಷ ತುಂಬಿದರೂ ಮಗು ತೊದಲದಿದ್ದರೆ ಅಥವಾ ಸನ್ನೆ ಮಾಡದಿದ್ದರೆ, 16 ತಿಂಗಳಿಗೂ ಒಂದೇ ಒಂದು ಪದ ಬಾರದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ ವೈದ್ಯರಿಗೆ ತೋರಿಸಿ. ಬಂದ ಮಾತು ಹಿಂದೆ ಹೋದರೆ ಯಾವ ವಯಸ್ಸಾದರೂ ತಡಮಾಡಬೇಡಿ. ಮಗು ಇಂದು ಆಡಿದ ಮಾತಿಗೆ ಇಂದೇ ಖುಷಿಪಡಿ. ಆಡದ ಮಾತಿನ ಬಗ್ಗೆ ಈ ವಾರವೇ ವೈದ್ಯರನ್ನು ಕೇಳಿ.